ಕತ್ತಲನ್ನು ಇದ್ದ ಹಾಗೇ

ಜನವರಿ 17, ಶುಕ್ರವಾರ

ಹೆಡ್ ಮಾಸ್ಟರು ಇವತ್ತು ಮತ್ತೆ ಕೇಳಿದರು. ಹತ್ತನೇ ತರಗತಿಗೆ ಸಂಜೆ ಏಳರವರೆಗೆ ಸ್ಪೆಷಲ್ ಕ್ಲಾಸು, ಕನ್ನಡಕ್ಕೆ ನಾನಿರಬೇಕು. "ನಮ್ಮ ಯಜಮಾನರು ಹಾಸಿಗೆ ಹಿಡಿದಿದ್ದಾರೆ ಸಾರ್" ಎಂದೆ. ಪಾಪ, ಅವರು ತಲೆಯಾಡಿಸಿ ಸುಮ್ಮನಾದರು. ಮನೆಯಲ್ಲಿ ಅತ್ತೆ ಇದ್ದಾರೆ, ಇವರನ್ನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನಾನು ಹೇಳಲಿಲ್ಲ. ಕೊಳ್ಳೇಗಾಲದಲ್ಲಿ ನಾಲ್ಕೂವರೆ ಬಸ್ಸು ಹಿಡಿದರೆ ಬಿಸಿಲಿರುವಾಗಲೇ ಮೇನ್ ರೋಡಿನ ನಮ್ಮೂರ ಗೇಟ್ ಸ್ಟಾಪಿನಲ್ಲಿ ಇಳಿಯಬಹುದು. ಗೇಟಿನಿಂದ ಊರಿಗೆ ಒಂದೂವರೆ ಕಿಲೋಮೀಟರು ನಡಿಗೆ. ದಾರಿಯುದ್ದಕ್ಕೂ ಕಂಬಗಳಿವೆ, ಒಂದಕ್ಕೂ ದೀಪವಿಲ್ಲ.

ನವೆಂಬರಿನಲ್ಲಿ ಇವರು ಮದುವೆಯೊಂದರ ಫೋಟೋ ಮುಗಿಸಿ ಬರುವಾಗ ಮಂಕು ಹೆಡ್‌ಲೈಟಿನ ಬೈಕಿನ ಸಮೇತ ಕಬ್ಬಿನ ಟ್ರೈಲರಿಗೆ ಗುದ್ದಿದ್ದು ಆ ದಾರಿಯಲ್ಲೇ. ಯಾರೋ ಅದನ್ನು ಅರ್ಧ ರಸ್ತೆಗೆ ನಿಲ್ಲಿಸಿ ಹೋಗಿದ್ದರು, ಹಿಂದೆ ಕೆಂಪು ದೀಪವಿರಲಿಲ್ಲ. ಸದ್ದು ಕೇಳಿ ನಾನು ಟಾರ್ಚೂ ಇಲ್ಲದೆ ಓಡಿ ಹೋದಾಗ ಇವರು ನರಳುವುದು ಕೇಳುತ್ತಿತ್ತು, ಎಲ್ಲಿದ್ದಾರೆಂಬುದು ಕಾಣುತ್ತಿರಲಿಲ್ಲ. ಕೈ ಚಾಚಿ ತಡವುತ್ತ ಹೋದೆ. ಮೈಸೂರಿನಲ್ಲಿ ತೊಡೆಗೆ ರಾಡು ಹಾಕಿ ಕಳಿಸಿದರು. ಅವತ್ತಿನಿಂದ ದೀಪ ಹಚ್ಚುವ ಹೊತ್ತಾದ ಮೇಲೆ ನಾನು ಹೊಸ್ತಿಲು ದಾಟಿಲ್ಲ.

ಇವರು ಇವತ್ತು ಮಾತಾಡಿದ್ದು ಎರಡು ಸಲ. "ನೀರು." "ಫ್ಯಾನ್ ಆರ್ಸು." ಮಿಕ್ಕ ಹೊತ್ತೆಲ್ಲ ಗೋಡೆ ಕಡೆ ಮುಖ. ಕೊಳ್ಳೇಗಾಲದ ಇವರ ಸ್ಟುಡಿಯೋಗೆ ಬೀಗ. ಕ್ಯಾಮೆರಾ ಬ್ಯಾಗು ಅಟ್ಟದ ಮೇಲಿದೆ, ಅದರ ಹೆಸರೆತ್ತಿದರೆ ತಟ್ಟೆ ತಳ್ಳಿಬಿಡುತ್ತಾರೆ.

ಜನವರಿ 20, ಸೋಮವಾರ

ಪಕ್ಕದ ಮನೆ ಮಾದೇಶನ ಮಗಳು ಸಿಂಧು ನಿನ್ನೆ ರಾತ್ರಿ ಗೇಟಿನಿಂದ ಅರ್ಧ ದಾರಿಯ ಮೋರಿಕಟ್ಟೆಯ ಹತ್ತಿರ ಬಿದ್ದಿದ್ದಾಳೆ. ಕೊಳ್ಳೇಗಾಲದಲ್ಲಿ ನರ್ಸಿಂಗ್ ಕೊನೇ ವರ್ಷ ಓದುತ್ತಿದ್ದಾಳೆ, ಆಸ್ಪತ್ರೆ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಏಳೂವರೆ ಆಗುತ್ತದೆ. ಪೊದೆಯಲ್ಲಿ ಹಂದಿ ಸದ್ದಾಯಿತಂತೆ. ಪಕ್ಕಕ್ಕೆ ಸರಿದಳಂತೆ, ಸರಿದ ಕಡೆ ರಸ್ತೆಯೇ ಇರಲಿಲ್ಲ. ಎರಡೂ ಮಂಡಿ ತರಚಿದೆ, ಮೊಣಕೈ ಊದಿದೆ.

ಮಾದೇಶ ನಮ್ಮ ಜಗಲಿಗೆ ಬಂದು ಕೂತ. "ಓದಿದ್ದು ಸಾಕು ಕಣ್ರವ್ವ. ನಿಮ್ಮನೇಲಿ ಗಂಡ್ಸಿಗೇ ಇಂಗಾಯ್ತು. ಎಣ್ಣೆಂಗ್ಸು ಬಿದ್ರೆ ನಾನ್ ಏನ್ ಮಾಡ್ಲಿ?"

"ಇನ್ನು ಕೆಲವೇ ತಿಂಗಳು ಮಾದೇಶ."

"ಕೆಲ್ವೇ ತಿಂಗ್ಳು ದಿನಾ ರಾತ್ರಿ ಬತ್ತದಲ್ವ್ರಾ?"

ಸಿಂಧು ತನ್ನ ಮನೆಯ ಬಾಗಿಲ ಮರೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಹತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು.

ಸಂಜೆ ಬರುವಾಗ ದಾರಿಗೆ ದೀಪ ಕೇಳಲು ಪಂಚಾಯ್ತಿ ಆಫೀಸಿಗೆ ಹೋದೆ. ಪಿಡಿಒ ಗುರುಪಾದಸ್ವಾಮಿ ಹೊಸಬರು, ಮರ್ಯಾದಸ್ಥರು. ಕುರ್ಚಿ ಕೊಟ್ಟರು. "ಹತ್ತು ಕಡೆಯಿಂದ ದೀಪ ಕೇಳ್ತಾರೆ ಮೇಡಂ. ಯಾವುದು ಮೊದಲು ಅಂತ ಮೇಲಿನವರು ನನ್ನನ್ನ ಕೇಳ್ತಾರೆ. ರಾತ್ರಿ ಹೊತ್ತಿನ ಫೋಟೋ ತಂದುಕೊಡಿ, ನಾನು ಕಳಿಸ್ತೀನಿ" ಎಂದರು.

ತರುತ್ತೇನೆ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಹೊಳೆಯಿತು, ಅದಕ್ಕೆ ರಾತ್ರಿ ಹೋಗಬೇಕಲ್ಲ.

ಜನವರಿ 21, ಮಂಗಳವಾರ

ಹೋಗಿ ಬಂದೆ. ಸಿಂಧು ಬಸ್ಸಿಳಿಯುವ ಹೊತ್ತಿಗೆ ಮಾದೇಶನ ಬೈಕಿನಲ್ಲಿ ಗೇಟಿಗೆ. ಮೋರಿಕಟ್ಟೆಯಲ್ಲಿ ಇಳಿದು ಫೋನಿನಲ್ಲಿ ನಾಲ್ಕು ಫೋಟೋ ತೆಗೆದೆ. ಇನ್ನು ಹೋಗುವುದಿಲ್ಲ.

ಜನವರಿ 22, ಬುಧವಾರ

ಗುರುಪಾದಸ್ವಾಮಿಯವರು ನನ್ನ ಫೋನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮುಜುಗರದಿಂದ, "ಮೇಡಂ, ಇದರಲ್ಲಿ ರಸ್ತೆ ಚೆನ್ನಾಗಿಯೇ ಕಾಣ್ತಿದೆಯಲ್ಲ" ಎಂದರು.

ನಾನೂ ನೋಡಿದೆ. ನಿಜ. ಫೋಟೋದಲ್ಲಿ ಮುಸ್ಸಂಜೆಯ ಹಾಗೆ ತಿಳಿಯಾದ ಬೆಳಕು. ರಸ್ತೆಯ ಅಂಚು, ಹುಣಸೆಮರದ ಒಂದೊಂದು ರೆಂಬೆ, ಸಿಂಧುವಿನ ಚೂಡಿದಾರದ ಹೂವು ಎಲ್ಲ ಕಾಣುತ್ತಿತ್ತು. ಆ ಹೊತ್ತು ನನಗೆ ಅವಳ ಮುಖವೂ ಕಂಡಿರಲಿಲ್ಲ. "ಇಷ್ಟು ಬೆಳಕು ಇರಲಿಲ್ಲ ಸಾರ್" ಎಂದರೆ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಪಕ್ಕದಲ್ಲಿದ್ದ ಗುಮಾಸ್ತ ಬಾಯಿ ಮುಚ್ಚಿಕೊಂಡು ನಕ್ಕ.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಒಳಗಿನ ಕೋಣೆಯಿಂದ ಸದ್ದು ಬಂತು. ಇವರು ನಗುತ್ತಿದ್ದರು! ನವೆಂಬರಿನಿಂದ ಮೊದಲ ಸಲ. ನನಗೆ ರೇಗಿಹೋಯಿತು.

"ಏನು ನಗ್ತೀರಿ?"

"ಫೋನು ಕತ್ಲೆ ಅಂದ್ರೆ ಒಪ್ಪಲ್ಲ ಕಣಮ್ಮಿ" ಎಂದರು. "ಅದು ಕಣ್ಣಂಗಲ್ಲ. ಒಂದ್ ಕ್ಲಿಕ್ ಅಂದ್ರೆ ಒಳಗೆ ಆರೇಳು ಫೋಟೋ ತಗೀತದೆ, ಎಲ್ಲಾನು ಒಂದ್ರ ಮೇಲೊಂದು ಏರ್ಸಿ ಬೆಳ್ಕು ಮಾಡ್ಬುಡ್ತದೆ. ಅಮಾಸೆನೂ ಉಣ್ಣಿಮೆ ಮಾಡ್ತದೆ ಅದು."

"ಹಾಗಾದರೆ ಕತ್ತಲೆ ತೋರಿಸೋದು ಹೇಗೆ?"

ಮತ್ತೆ ಗೋಡೆ ಕಡೆ ತಿರುಗಿದರು.

ಜನವರಿ 23, ಗುರುವಾರ

ಬೆಳಿಗ್ಗೆ ಟೀ ಕೊಡುವಾಗ, ನಾನು ಕೇಳದೆಯೇ, "ಬ್ಯಾಗ್ ಇಳ್ಸು" ಎಂದರು.

ಅಟ್ಟ ಹತ್ತಿ ಇಳಿಸಿದೆ. ಧೂಳು ಒರೆಸಿ ಮಡಿಲಲ್ಲಿಟ್ಟುಕೊಂಡರು. ಬ್ಯಾಟರಿ ಸತ್ತಿತ್ತು, ಚಾರ್ಜಿಗೆ ಹಾಕಿಸಿದರು. ಲೆನ್ಸಿನ ಮುಚ್ಚಳ ತೆಗೆದು ಕಿಟಕಿ ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೋ ಎಂದು ನೋಡುವಾಗ ಅವರ ಮುಖ ನೋಡಲಾಗದೆ ಒಳಗೆ ಹೋದೆ.

ಶಾಲೆಯಿಂದ ಬಂದ ಮೇಲೆ ಪಾಠ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಇವರ ಕ್ಯಾಮೆರಾ ಮುಟ್ಟಿದ್ದು ಇದೇ ಮೊದಲು. ಡಯಲನ್ನು ಎಂ ಅಕ್ಷರಕ್ಕೆ ತಿರುಗಿಸಿ, "ಇನ್ಮೇಲೆ ಕ್ಯಾಮೆರಾ ಏನೂ ಯೋಚ್ನೆ ಮಾಡಾಂಗಿಲ್ಲ, ನೀನೇ ಮಾಡ್ಬೇಕು" ಎಂದರು. ಅಪರ್ಚರ್ ಎಂದರೆ ಕಿಟಕಿ ಎಷ್ಟು ಅಗಲ ತೆರೆದಿದೆ. ಶಟರ್ ಎಂದರೆ ಎಷ್ಟು ಹೊತ್ತು ತೆರೆದಿದೆ. ಐಎಸ್ಒ ಎಂದರೆ ಒಳಗೆ ಬಂದ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ. ಮೂರನ್ನೂ ತಾಳೆ ಹಾಕಬೇಕು. ಕಿಟಕಿಯ ನಂಬರು ಕಡಿಮೆಯಾದಷ್ಟೂ ಅಗಲ ಜಾಸ್ತಿಯಂತೆ! ಇದು ಯಾವ ಸೀಮೆಯ ಲೆಕ್ಕ ಎಂದೆ.

"ನಿಮ್ ವ್ಯಾಕರಣಕ್ಕಿಂತ ವಾಸಿ" ಎಂದರು.

ಅತ್ತೆ ಅಡುಗೆಮನೆಯಿಂದ ಇಣುಕಿ, "ನನ್ ಮಗಂಗೆ ಬಾಯ್ ಬಂತು" ಎಂದು ಉಪ್ಪು ನಿವಾಳಿಸಿದರು.

ಜನವರಿ 26, ಭಾನುವಾರ

ಧ್ವಜವಂದನೆ ಮುಗಿಸಿ ಬಂದು ಸಂಜೆ ಸಿಂಧುವಿನ ಜೊತೆ ಮೋರಿಕಟ್ಟೆಯವರೆಗೆ. ಹದಿನೈದು ಫೋಟೋ. ಅರ್ಧ ಕಪ್ಪು ಹಲಗೆ. ಶಟರನ್ನು ಒಂದು ಸೆಕೆಂಡಿಗೆ ಇಟ್ಟಾಗ ರಸ್ತೆಯೆಲ್ಲ ಕಲಸಿದ ಮುದ್ದೆ. ನನ್ನ ಕೈ ಅಷ್ಟು ಅಲುಗುತ್ತದೆಂದು ಗೊತ್ತಿರಲಿಲ್ಲ.

"ಕಪ್ಪು ಬಂದಿದ್ರೆ ಒಳ್ಳೇದೇ ಅಲ್ವಾ? ಕತ್ತಲೇ ತಾನೆ ತೋರಿಸಬೇಕಾದ್ದು?" ಎಂದೆ, ಮನೆಗೆ ಬಂದು ಇವರಿಗೆ ತೋರಿಸುತ್ತ.

"ಆ ಗುಮಾಸ್ತ ಏನಂತಾನೆ ಯೋಳ್ಲಾ? ಮುಚ್ಚಳ ತಗೀದೆ ಒಡ್ದವ್ರೆ ಅಂತಾನೆ. ಬೆಳ್ಳಗೆ ಮಾಡೋದೂ ಸುಳ್ಳು, ಕಪ್ಪಗೆ ಮಾಡೋದೂ ಸುಳ್ಳು."

"ಹಾಗಾದರೆ ಯಾವುದು ನಿಜ?"

"ನಿನ್ ಕಣ್ಗೆ ಕಂಡಿದ್ದು. ಕ್ಯಾಮೆರಾ ಮುಟ್ಬ್ಯಾಡ. ನಾಳೆ ಓಗಿ ಸುಮ್ನೆ ನಿಂತ್ಕೊ. ಟಾರ್ಚು ಆರ್ಸು. ಕಣ್ಣು ಕತ್ಲೆಗೆ ಒಗ್ಗಬೇಕು, ಅಲ್ಲಿವರ್ಗೂ ಕಾಯಿ. ಏನೇನ್ ಕಾಣ್ತು, ಏನೇನ್ ಕಾಣ್ನಿಲ್ಲ, ಬಂದು ನಂಗೆ ಯೋಳು."

ಟಾರ್ಚು ಆರಿಸಿ ಆ ದಾರಿಯಲ್ಲಿ ನಿಲ್ಲಬೇಕಂತೆ. ಹೇಳುವುದು ಸುಲಭ, ಹಾಸಿಗೆಯಲ್ಲಿ ಮಲಗಿ.

ಜನವರಿ 28, ಮಂಗಳವಾರ

ನಿಂತೆ. ಸಿಂಧು ನನ್ನ ಕೈ ಹಿಡಿದಿದ್ದಳು. ನಾನು ಅವಳದನ್ನು ಹಿಡಿದಿದ್ದೆ ಎನ್ನುವುದೇ ಸರಿ.

ಮೊದಲು ಏನೂ ಇಲ್ಲ. ಕಿವಿಯಲ್ಲಿ ಮತ್ತೆ ಇವರ ನರಳಾಟ ಕೇಳಿಸಿತು. ಓಡಿಬಿಡೋಣ ಅನ್ನಿಸಿತು. ಸಿಂಧು, "ಮಿಸ್, ಸ್ವಲ್ಪ ತಾಳಿ" ಎಂದಳು. ಆಮೇಲೆ ಆಕಾಶ ಮರಗಳಿಗಿಂತ ಒಂದು ಚೂರು ತಿಳಿ ಎನ್ನುವುದು ಗೊತ್ತಾಯಿತು. ಮರಗಳ ತಲೆ ಕಂಡಿತು, ಬುಡ ಕಾಣಲಿಲ್ಲ. ಕಂಬದ ಮೇಲಿನ ಅರ್ಧ ಕಂಡಿತು. ರಸ್ತೆ ಮಧ್ಯೆ ಡಾಂಬರಿದ್ದಲ್ಲಿ ಮಾತ್ರ ಬೂದಿಬಣ್ಣದ ಭಾಸ, ಅಂಚು ಎಲ್ಲಿ ಮುಗಿದು ಹಳ್ಳ ಎಲ್ಲಿ ಶುರು ಎನ್ನುವುದು ಇಲ್ಲವೇ ಇಲ್ಲ. ನಾಲ್ಕು ಮಾರು ದೂರ ಹೋಗಿ ನಿಲ್ಲು ಎಂದೆ ಸಿಂಧುವಿಗೆ. ಅವಳ ಬಿಳಿ ಕೋಟು ಕಂಡಿತು, ಅವಳು ಕಾಣಲಿಲ್ಲ. ಗೇಟಿನ ಕಡೆ ತಿರುಗಿದರೆ ರಂಗನಾಯಕನ ಟೀ ಅಂಗಡಿಯ ದೀಪ, ಅಷ್ಟು ದೂರದಿಂದಲೂ ಕಣ್ಣು ಕುಕ್ಕುವಂತೆ.

ಮನೆಗೆ ಬಂದು ಇವರ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಇವರು ಕಣ್ಣು ಮುಚ್ಚಿ ಕೇಳಿದರು. ಹಳ್ಳದ ಅಂಚಿನ ವಿಷಯಕ್ಕೆ ಬಂದಾಗ ಅವರ ಕೈ ಹಾಸಿಗೆಯನ್ನು ಬಿಗಿಯಾಗಿ ಹಿಡಿಯಿತು. "ನಂಗೂ ಅಷ್ಟೇ ಕಂಡಿದ್ದು ಅವತ್ತು" ಎಂದರು. "ಬೂದಿಬಣ್ಣ. ಆಮೇಲೆ ಒಂದೇ ಸಲ ಕಬ್ಬಿನ ವಾಸ್ನೆ."

ಅಪಘಾತದ ಬಗ್ಗೆ ಇವರು ಮಾತಾಡಿದ್ದೇ ಇಲ್ಲ, ಇವತ್ತಿನವರೆಗೆ. ನಾನು ಕೈಚಾಚಿ ತಡವಿಕೊಂಡು ಬಂದದ್ದನ್ನು ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಇದ್ದಕ್ಕಿದ್ದಂತೆ, "ಟೀ ಅಂಗ್ಡಿ!" ಎಂದರು. "ಟೀ ಅಂಗ್ಡಿ ಎಲ್ರೂ ನೋಡವ್ರೆ ತಾನೆ? ಅದ್ರ ಬೆಳ್ಕು ಎಷ್ಟು ಅಂತ ಪಿಡಿಒಗೂ ಗೊತ್ತು. ಅದು ಸರ್ಯಾಗಿ ಕಾಣಂಗೆ ಸೆಟ್ಟಿಂಗ್ ಇಡು. ಆಮೇಲೆ ಅದ್ನ ಮುಟ್ಲೇಬ್ಯಾಡ. ಅದೇ ಸೆಟ್ಟಿಂಗ್ನಲ್ಲಿ ಊರ್ಗಂಟ ತಕ್ಕೊಂಡ್ ಬಾ."

ಜನವರಿ 30, ಗುರುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ರಂಗನಾಯಕನ ಅಂಗಡಿಯ ಮುಂದೆ ನಿಂತು ಶುರು. ಐಎಸ್ಒ ಸಾವಿರದಾರುನೂರು, ಕಿಟಕಿ ಎರಡು ಪಾಯಿಂಟ್ ಎಂಟು, ಶಟರು ಮೊದಲು ಮೂವತ್ತನೇ ಒಂದು ಸೆಕೆಂಡು. ಫೋಟೋದಲ್ಲಿ ಟ್ಯೂಬ್ ಲೈಟು ಬರೀ ಬಿಳಿ ಮಚ್ಚೆಯಾಯಿತು, ಬನ್ನಿನ ಡಬ್ಬ ಬೆಳ್ಳಗಾಯಿತು. ಅರವತ್ತನೇ ಒಂದಕ್ಕೆ ಇಳಿಸಿದೆ. ಈಗ ಡಬ್ಬದೊಳಗಿನ ಬನ್ನು, ರಂಗನಾಯಕನ ಮೀಸೆ, ಗೋಡೆಯ ಕ್ಯಾಲೆಂಡರು ಎಲ್ಲ ಕಣ್ಣಿಗೆ ಕಂಡ ಹಾಗೇ. ರಂಗನಾಯಕ ಸ್ಕ್ರೀನಿಗೆ ಬಗ್ಗಿ ನೋಡಿ, "ನಿಮ್ ಯಜಮಾನ್ರು ಸಾಂತಣ್ಣೋರಿಗಿಂತ ಚೆನ್ನಾಗ್ ತಗ್ದಿದ್ದೀರ ಕಣಕ್ಕ. ಟೀ ಕುಡ್ಕಂಡ್ ಓಗಿ" ಎಂದ.

ಅಲ್ಲಿಂದ ಸೆಟ್ಟಿಂಗ್ ಮುಟ್ಟಲಿಲ್ಲ. ಸಿಂಧು ಪ್ರತಿ ಕಂಬದ ಹತ್ತಿರ ನಿಲ್ಲುವುದು, ನಾನು ಅಷ್ಟೇ ದೂರದಿಂದ ತೆಗೆಯುವುದು. ಕತ್ತಲಲ್ಲಿ ಲೆನ್ಸು ಫೋಕಸ್ ಸಿಗದೆ ಹಿಂದೆ ಮುಂದೆ ಒದ್ದಾಡುತ್ತದೆ. ಅದಕ್ಕೆ ಇವರು ಉಪಾಯ ಹೇಳಿಕೊಟ್ಟಿದ್ದರು: ಅವಳ ಮುಖಕ್ಕೆ ಟಾರ್ಚು ಬಿಟ್ಟು ಫೋಕಸ್ ಮಾಡು, ಲೆನ್ಸಿನ ಗುಂಡಿ ಮ್ಯಾನುಯಲ್ಲಿಗೆ ತಳ್ಳು, ಟಾರ್ಚು ಆರಿಸು, ಆಮೇಲೆ ಒತ್ತು. ಮೊದಲ ಕಂಬದಲ್ಲಿ ಸಿಂಧು ಪೂರ್ತಿ ಇದ್ದಾಳೆ. ಎರಡನೆಯದರಲ್ಲಿ ಒಂದು ಕೆನ್ನೆ, ಕೋಟಿನ ಒಂದು ತೋಳು. ಮೂರನೆಯದರಲ್ಲಿ ಕೋಟಿನ ಅಂಚೊಂದು ದಾರದ ಹಾಗೆ. ನಾಲ್ಕನೆಯದರಿಂದ ಊರಿನವರೆಗೆ ಅವಳಿಲ್ಲ. "ನಾನೆಲ್ಲೋದೆ ಮಿಸ್?" ಎಂದು ಸ್ಕ್ರೀನು ನೋಡಿ ನಗುತ್ತಿದ್ದವಳು ಸ್ವಲ್ಪ ಹೊತ್ತಾದ ಮೇಲೆ ನಗಲಿಲ್ಲ.

ಕೊನೆಗೆ, ಇವರು ಹೇಳದ ಒಂದು ಕೆಲಸ ಮಾಡಿದೆ. ಟ್ರೈಪಾಡು ಹೇಗೂ ಹೊತ್ತಿದ್ದೆವು. ಮೋರಿಕಟ್ಟೆಯ ಮೇಲೆ ಅದನ್ನು ನಿಲ್ಲಿಸಿ, ಬೆರಳಿನ ಅಲುಗಾಟ ತಗಲದ ಹಾಗೆ ಟೈಮರ್ ಇಟ್ಟು, ಶಟರನ್ನು ಇಪ್ಪತ್ತು ಸೆಕೆಂಡು ತೆರೆದೆ. ಮುಚ್ಚಿದ ಮೇಲೆ ಇಬ್ಬರೂ ಸ್ಕ್ರೀನಿಗೆ ಬಗ್ಗಿದೆವು. ಬೆಟ್ಟದ ಸಾಲು, ಅದರ ಮೇಲೆ ರಾಗಿ ಚೆಲ್ಲಿದಷ್ಟು ನಕ್ಷತ್ರ. ಹುಣಸೆಮರ ಎಲೆಎಲೆಯಾಗಿ. ಹಳ್ಳದ ಅಂಚಿನಲ್ಲಿ ಹಳದಿ ಹೂವಿನ ಗಿಡ, ನಾನು ಹಗಲಲ್ಲೂ ಗಮನಿಸಿರದ್ದು.

ಇವರಿಗೆ ತೋರಿಸಿದೆ. ಅಂಗಡಿಯಿಂದ ಊರಿನವರೆಗಿನ ಸಾಲನ್ನು ಒಂದೊಂದಾಗಿ ನೋಡಿ, "ಇದು ಸರಿ" ಎಂದರು. ನಕ್ಷತ್ರದ್ದನ್ನು ನೋಡಿ, ಕ್ಯಾಮೆರಾವನ್ನು ನನಗೆ ವಾಪಸ್ಸು ಕೊಡದೆ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದರು.

ಫೆಬ್ರವರಿ 10, ಸೋಮವಾರ

"ಅಮಾಸೆ ಮಾರ್ನೆ ದಿನ ತಗ್ದು ಮೋಸ ಮಾಡವ್ರೆ ಅಂತಾರೆ. ಬೆಳ್ದಿಂಗ್ಳದೂ ಒಂದ್ ಸಾಲು ತಗಿ" ಎಂದು ಇವರು ಹೇಳಿದ್ದರು. ಹುಣ್ಣಿಮೆಗೆ ಎರಡು ದಿನ ಇರುವಾಗ ಇವತ್ತು ತೆಗೆದೆ, ಅದೇ ಸೆಟ್ಟಿಂಗಿನಲ್ಲಿ. ಅಷ್ಟು ಬೆಳದಿಂಗಳಿದ್ದರೂ ಸಿಂಧು ಐದನೇ ಕಂಬದಲ್ಲಿ ಇಲ್ಲ. ಬೆಳದಿಂಗಳು ಕಣ್ಣಿಗೆ ಎಷ್ಟು ಕಂಡರೂ ಕ್ಯಾಮೆರಾಕ್ಕೆ ಕಡಿಮೆಯೇ ಅಂತೆ. ಈ ಫೋಟೋಗಳ ಹಿಂದೆ "ಕಣ್ಣಿಗೆ ಇದಕ್ಕಿಂತ ಸ್ವಲ್ಪ ಹೆಚ್ಚು ಕಾಣುತ್ತಿತ್ತು" ಎಂದು ಬರೆಯಬೇಕೆಂದೆ. ಬರೆ ಎಂದರು.

ಬಸ್ಸು ತಡ. ಹೆಡ್ ಮಾಸ್ಟರಿಗೆ ಸ್ಪೆಷಲ್ ಕ್ಲಾಸು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಬಂದೆ. ಹೇಗೂ ಗೇಟಿನಲ್ಲಿ ಆ ಹೊತ್ತಿಗೆ ಕೆಲಸವಿರುತ್ತದೆ.

ಫೆಬ್ರವರಿ 15, ಶನಿವಾರ

ಪ್ರಿಂಟು ಹಾಕಿಸಲು ಹೋದರೆ ಕೊಳ್ಳೇಗಾಲದ ಲ್ಯಾಬಿನ ಬಸವೇಶ ಎಲ್ಲವನ್ನೂ ಬೆಳ್ಳಗೆ ಮಾಡಿಕೊಟ್ಟಿದ್ದಾನೆ! ಮಷೀನೇ ತಾನಾಗಿ ಸರಿ ಮಾಡುತ್ತದಂತೆ. "ಫೋಟೋ ತುಂಬ ಡಾರ್ಕ್ ಇದ್ವು ಅಕ್ಕ, ನಾನೇ ಬೆಳಕು ಎತ್ತಿಕೊಟ್ಟೆ" ಎಂದು ಹೆಮ್ಮೆಯಿಂದ ಬೇರೆ ಹೇಳಿದ. ಅಂಗಡಿಯಿಂದಲೇ ಇವರಿಗೆ ಫೋನು ಮಾಡಿ ಬಸವೇಶನ ಕೈಗೆ ಕೊಟ್ಟೆ. ಇವರ ದನಿ ಎರಡು ಅಂಗಡಿ ಆಚೆಗೂ ಕೇಳುವಂತಿತ್ತು.

"ಲೇ ಬಸವೇಶ, ಕರೆಕ್ಷನ್ ಮಾಡ್ಬ್ಯಾಡ ಕಣ್ಲಾ! ಇದ್ದಂಗೇ ಆಕು!"

ಬಸವೇಶ ಫೋನಿಟ್ಟು ಕಣ್ಣೊರೆಸಿಕೊಂಡ. "ಅಣ್ಣ ಬೈದ್ರು ಅಕ್ಕ" ಎಂದ. ಖುಷಿಗೆ. ಎಷ್ಟು ತಿಂಗಳಾಗಿತ್ತೋ ಅವನು ಬೈಸಿಕೊಂಡು.

ಫೆಬ್ರವರಿ 18, ಮಂಗಳವಾರ

ಗುರುಪಾದಸ್ವಾಮಿಯವರ ಮೇಜಿನ ಮೇಲೆ ಫೋಟೋಗಳನ್ನು ಸಾಲಾಗಿ ಹರಡಿದೆ. ಟೀ ಅಂಗಡಿ ನೋಡಿ, "ಅರೆ, ರಂಗನಾಯಕ" ಎಂದು ನಕ್ಕರು. ನಾನು ಏನೂ ವಿವರಿಸಲಿಲ್ಲ, ಒಂದು ಮಾತು ಮಾತ್ರ ಹೇಳಿದೆ: ಎಲ್ಲವೂ ಒಂದೇ ಅಳತೆ ಸಾರ್, ಅಂಗಡಿಗೆ ಇಟ್ಟದ್ದನ್ನು ಬದಲಿಸಿಲ್ಲ. ಅವರು ಸಾಲಿನ ಮೇಲೆ ಬೆರಳಾಡಿಸುತ್ತ ಹೋದರು. ನಾಲ್ಕನೆಯದಕ್ಕೆ ಬಂದಾಗ, "ಹುಡುಗಿ ಎಲ್ಲಿ?" ಎಂದರು.

"ಅಲ್ಲೇ ಇದ್ದಾಳೆ ಸಾರ್."

ಅವರು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಗುಮಾಸ್ತನೂ ಎದ್ದು ಬಂದು ನೋಡಿದ. ಅವನಿಗೂ ಒಬ್ಬಳು ಮಗಳಿದ್ದಾಳಂತೆ, ಆಮೇಲೆ ಗೊತ್ತಾಯಿತು.

"ಗುರುವಾರ ಆ ಹುಡುಗಿ ಬರೋ ಬಸ್ಸಿಗೆ ನಾನೇ ಬರ್ತೀನಿ ಮೇಡಂ" ಎಂದರು ಪಿಡಿಒ.

ಫೆಬ್ರವರಿ 20, ಗುರುವಾರ

ಬಂದರು. ಸಿಂಧು, ನಾನು, ಅವರು. ಮೊದಲ ಎರಡು ಕಂಬದವರೆಗೆ ಪಂಚಾಯ್ತಿ ಕಷ್ಟಸುಖ ಹೇಳುತ್ತ ನಡೆದರು. ಮೂರನೆಯದಾದ ಮೇಲೆ ಮಾತು ಕಡಿಮೆಯಾಯಿತು. ಮೋರಿಕಟ್ಟೆಯ ಹತ್ತಿರ ಚಪ್ಪಲಿ ಜಾರಿ ನನ್ನ ಭುಜ ಹಿಡಿದುಕೊಂಡರು, ಹಾಗೇ ಊರಿನವರೆಗೆ ಬಿಡಲಿಲ್ಲ. "ಎಡಕ್ಕೆ ಬನ್ನಿ ಸಾರ್, ಅಲ್ಲಿ ಡಾಂಬರು ಕಿತ್ತಿದೆ" ಎಂದು ನಾನು ದಾರಿ ಹೇಳುತ್ತಿದ್ದೆ.

ಮನೆಗೆ ಕರೆದು ಕಾಫಿ ಕೊಟ್ಟೆ. ಇವರು ದಿಂಬಿಗೊರಗಿ ಕೂತು ಅವರಿಗೆ ಐಎಸ್ಒ ವಿವರಿಸಿದರು. ಪಾಪ, ಮನುಷ್ಯ ಬಸ್ಸು ತಪ್ಪುವವರೆಗೂ ಕೇಳಿಸಿಕೊಂಡರು. ಮಾದೇಶ ಅವರನ್ನು ಬೈಕಿನಲ್ಲಿ ಹನೂರಿನ ಮನೆಗೆ ಬಿಟ್ಟು ಬಂದ.

ಮಾರ್ಚ್ 23, ಭಾನುವಾರ

ಪರೀಕ್ಷೆ ಡ್ಯೂಟಿಯಿಂದಾಗಿ ಎಷ್ಟೋ ದಿನದಿಂದ ಬರೆದಿಲ್ಲ. ಇವರು ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ. ದೀಪದ ಸುದ್ದಿ ಇಲ್ಲ. ಮಾದೇಶ ದಿನಾ ಗೇಟಿಗೆ ಹೋಗಿ ಮಗಳನ್ನು ಕರೆತರುತ್ತಿದ್ದಾನೆ, ಓದು ಬಿಡಿಸುವ ಮಾತೆತ್ತಿಲ್ಲ. ನಾಲ್ಕನೇ ಫೋಟೋದ ಒಂದು ಪ್ರತಿ ಅವನ ಮನೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ "ಇದ್ರಾಗೆ ನನ್ ಮಗ್ಳು ಎಲ್ಲವ್ಳೆ ಯೋಳಿ" ಎಂದು ಕೇಳುತ್ತಾನಂತೆ.

ಏಪ್ರಿಲ್ 14, ಸೋಮವಾರ

ದೀಪ ಮಂಜೂರಾಗಿರುವುದು ಗೇಟಿನಿಂದ ಮೋರಿಕಟ್ಟೆಯವರೆಗೆ ಮಾತ್ರ. ಅರ್ಧ ದಾರಿ! ಮಿಕ್ಕದ್ದು ಮುಂದಿನ ವರ್ಷವಂತೆ. ಗುರುಪಾದಸ್ವಾಮಿಯವರೇ ಫೋನು ಮಾಡಿ ತಪ್ಪು ಮಾಡಿದವರ ಹಾಗೆ ಹೇಳಿದರು. ನನಗೆ ಅಳು ಬಂತು. ಇವರಿಗೆ ಹೇಳಿದರೆ, "ಅರ್ಧ ಬಂತಲ್ಲ, ಫೋಟೋ ಚೆನ್ನಾಗ್ ಬತ್ತದೆ. ಒಂದ್ ಕಡೆ ಬೆಳ್ಕು ಒಂದ್ ಕಡೆ ಕತ್ಲೆ" ಎನ್ನುತ್ತಾರೆ. ಇವರಿಗೆ ಎಲ್ಲವೂ ಫೋಟೋ.

ಮೇ 6, ಮಂಗಳವಾರ

ಮಳೆ ಗಾಳಿಗೆ ಎರಡು ಕಂಬ ಮಲಗಿವೆ. ದೀಪ ಇನ್ನೂ ಮುಂದಕ್ಕೆ.

ಮೇ 24, ಶನಿವಾರ

ಉರಿದವು! ಲೈನ್‌ಮನ್ ಚಿಕ್ಕಸಿದ್ದಯ್ಯ ಸ್ವಿಚ್ಚು ಹಾಕಿದಾಗ ಗೇಟಿನಲ್ಲಿ ಅರ್ಧ ಊರೇ ಸೇರಿತ್ತು. ಅತ್ತೆಯನ್ನೂ ಆಟೋದಲ್ಲಿ ಕರೆತಂದೆ. ಮಕ್ಕಳು ಕಂಬದಿಂದ ಕಂಬಕ್ಕೆ ಓಡಿದವು. ಮಾದೇಶ ದೀಪದ ಕೆಳಗೆ ನಿಂತು ತನ್ನ ನೆರಳನ್ನೇ ನೋಡಿಕೊಳ್ಳುತ್ತಿದ್ದ. ಇವರು ಬರಲಿಲ್ಲ. ಆ ರಸ್ತೆಗೆ ಇನ್ನೂ ಬರಲಾರೆ ಎಂದರು, ನಾನೂ ಒತ್ತಾಯ ಮಾಡಲಿಲ್ಲ. ಫೋಟೋ ತೆಗೆದುಕೊಂಡು ಹೋಗಿ ತೋರಿಸಿದೆ. ದೀಪಗಳು ಬರೀ ಬಿಳಿ ಮಚ್ಚೆಯಾಗಿವೆ, ಶಟರು ಇನ್ನೂ ಇಳಿಸಬೇಕಿತ್ತು ಎಂದು ಬೈದರು. ಬೈದದ್ದು ಸರಿಯೇ. ಜನರ ಮುಖ ನೋಡುತ್ತ ಶಟರ್ ಮರೆತೆ.

ಜೂನ್ 8, ಭಾನುವಾರ

ಯಳಂದೂರಿನಿಂದ ಸದಾಶಿವಪ್ಪನವರು ಬಂದಿದ್ದರು. ಮಗಳ ಆರತಕ್ಷತೆ ಇಪ್ಪತ್ತೊಂದಕ್ಕೆ, ಆಷಾಢಕ್ಕೆ ಮುಂಚೆ. ಅವರ ದೊಡ್ಡ ಮಗನ ಮದುವೆಗೂ ಇವರೇ ಫೋಟೋ ತೆಗೆದದ್ದು. ಇವರು ಕೋಲು ಊರಿಕೊಂಡು ಬಂದು ಕೂತು, ನಿಂತು ಕೆಲಸ ಮಾಡುವುದು ಈ ಕಾಲಿಗೆ ಇನ್ನೂ ಆಗುವುದಿಲ್ಲ ಎಂದರು. ಸದಾಶಿವಪ್ಪನವರ ಮುಖ ಸಣ್ಣದಾಯಿತು.

"ಇವ್ಳು ಬತ್ತಾಳೆ" ಎಂದುಬಿಟ್ಟರು ಇವರು!

ಅವರು ಹೋದ ಮೇಲೆ ಜಗಳವಾಡಿದೆ. ಮದುವೆಮನೆ ಎಂದರೆ ರಸ್ತೆಯೇ? ಅಲ್ಲಿ ಜನ ಅಲುಗಾಡುತ್ತಾರೆ, ಬಣ್ಣಬಣ್ಣದ ಸೀರಿಯಲ್ ಸೆಟ್ಟು, ವಧುವಿನ ಮುಖ ಹಸಿರಾದರೆ? "ಅಲುಗಾಡಿದ್ರೆ ಶಟ್ರು ಜೋರು ಮಾಡು. ಹಸ್ರಾದ್ರೆ ವೈಟ್ ಬ್ಯಾಲೆನ್ಸ್ ತಿದ್ದು. ಇನ್ನೇನ್ ಐತೆ?" ಎಂದರು. ಎರಡು ವಾರ ದಿನಾ ಸಂಜೆ ಅತ್ತೆಗೆ ರೇಷ್ಮೆ ಸೀರೆ ಉಡಿಸಿ, ದೀಪಾವಳಿಯ ಮಿಣುಕು ದೀಪ ಹಾಕಿ ಅಭ್ಯಾಸ ಮಾಡಬೇಕಂತೆ. ಅತ್ತೆ ಈಗಾಗಲೇ ಪೆಟ್ಟಿಗೆ ತೆಗೆದು ಸೀರೆ ಆರಿಸುತ್ತಿದ್ದಾರೆ.

ಜೂನ್ 22, ಭಾನುವಾರ

ನಿನ್ನೆ ರಾತ್ರಿಯದನ್ನು ಈಗ ಬರೆಯುತ್ತಿದ್ದೇನೆ. ಮನೆಯವರಿನ್ನೂ ಎದ್ದಿಲ್ಲ.

ಆರತಕ್ಷತೆ ಚೆನ್ನಾಯಿತು. ಕೆಲವು ಹಾಳಾಗಿವೆ, ಹೆಚ್ಚಿನವು ಚೆನ್ನಾಗಿವೆ. ವಧು ತನ್ನ ಅಜ್ಜಿಯ ಕಿವಿಯಲ್ಲಿ ಏನೋ ಹೇಳುವಾಗ ತೆಗೆದದ್ದೊಂದಿದೆ, ಅದನ್ನು ಇವರಿಗೆ ಕೊನೆಗೆ ತೋರಿಸಬೇಕೆಂದುಕೊಂಡೆ. ಸದಾಶಿವಪ್ಪನವರು ಕೊಳ್ಳೇಗಾಲದವರೆಗೆ ಕಾರಿನಲ್ಲಿ ಬಿಟ್ಟರು. ಅಲ್ಲಿಂದ ಹನೂರಿನ ಕೊನೇ ಬಸ್ಸು.

ಗೇಟಿನಲ್ಲಿ ಇಳಿದು ನಡೆದೆ. ಮೋರಿಕಟ್ಟೆಗೆ ದೀಪ ಮುಗಿಯಿತು. ಮುಂದಿನ ಅರ್ಧ ದಾರಿಯ ಮೇಲೆ ಮೋಡ ಬಿಚ್ಚಿ ನಕ್ಷತ್ರ ತುಂಬಿತ್ತು. ಇವರು ಏಪ್ರಿಲಿನಲ್ಲಿ ಹೇಳಿದ್ದು ನೆನಪಾಗಿ, ಒಂದು ಕಡೆ ಬೆಳಕು ಒಂದು ಕಡೆ ಕತ್ತಲೆ ತೆಗೆಯೋಣವೆಂದು ಟ್ರೈಪಾಡು ನಿಲ್ಲಿಸಿದೆ. ದೀಪ ತುಂಬ ಹೊಳೆಯಿತು, ಬಿಟ್ಟೆ. ಕ್ಯಾಮೆರಾವನ್ನು ಊರಿನ ಕಡೆಗೇ ತಿರುಗಿಸಿ ಶಟರು ಮೂವತ್ತು ಸೆಕೆಂಡಿಗೆ ತೆರೆದೆ. ಅದು ಮುಚ್ಚುವವರೆಗೆ ಟಾರ್ಚು ಆರಿಸಿ, ಆ ದಾರಿಯಲ್ಲಿ ಒಬ್ಬಳೇ ನಿಂತು ಎಣಿಸಿದೆ.